ತಾಂಡಾದಾಗ ದಡಾರ ಕಾಣಿಸ್ಯದ, ಈ ಬಿಸಿಲಿನ್ಯಾಗ ಲಸಿಕಿ ಹ್ಯಾಂಗ ಹಾಕಬೇಕು?

ಮುಲ್ಲಾಮಾರಿ_ದಂಡಿ ಕೇಳಿದ್ದು:

ಚಿಂಚೋಳಿ ತಾಲ್ಲೂಕಿನ ತಾಂಡಾ, ಸುಮಾರು 140 ಮನಿ. ಹತ್ತು ದಿನದಾಗ ಆರು ಮಕ್ಕಳಿಗೆ ಜ್ವರ, ಕೆಮ್ಮು, ಕಣ್ಣು ಕೆಂಪು, ಆಮ್ಯಾಲ ಮುಖದಿಂದ ಇಳದು ಮೈತುಂಬ ಗಂಧಿ. ಮನಿಯವರು ‘ಗೊಬ್ಬರ ಎದ್ದದ’ (ದಡಾರಕ್ಕ ಇಲ್ಲಿ ಹಂಗಂತಾರ) ಅಂತ ಬಾಗಿಲಿಗೆ ಬೇವಿನ ತಪ್ಪಲ ಕಟ್ಟಿ ಒಳಗ ಮಲಗಿಸ್ಯಾರ. ವೈದ್ಯಾಧಿಕಾರಿಗೆ ಹೇಳಿ ಆಗ್ಯದ, ರಕ್ತದ ಮಾದರಿ ಹೋಗ್ಯದ. ಬರೋ ಗುರುವಾರ ಎಂಆರ್ (ದಡಾರ-ರುಬೆಲ್ಲಾ) ಲಸಿಕಿ ಹಾಕೋದು ಅಂತ ಮಾತಾಗ್ಯದ.

ತೊಡಕು ಮೂರವ. ಡ್ಯೂ ಲಿಸ್ಟಿನಾಗ (ಲಸಿಕಿ ಬಾಕಿ ಇರೋ ಮಕ್ಕಳ ಪಟ್ಟಿ) 19 ಹೆಸರು, ಅಂಗನವಾಡಿ ಪುಸ್ತಕದಾಗ 31, ಯಾವುದು ಹಿಡೀಬೇಕು? ಬಿಸಿಲು 43 ಡಿಗ್ರಿ ದಾಟ್ಯದ, ಲಸಿಕಿ ಹ್ಯಾಂಗ ಉಳಿಸಿಕೊಳ್ಳೋದು? ಇನ್ನ ನಾಲ್ಕು ಮನಿಯವರು ‘ಹೋದ ಸಲ ಸೂಜಿ ಮಾಡಿಸಿದ ವಾರಕ್ಕ ಕೂಸಿಗಿ ಜ್ವರ ಬಂತು, ಗಂಧಿನೂ ಎದ್ದವು, ಬಿಲ್ಕುಲ್ ಬ್ಯಾಡ’ ಅಂತಾರ. ಅವರಿಗಿ ಏನು ಹೇಳಬೇಕು?

ಮನೆಎಣಿಕೆ:

ಮೊದಲ ಮಾತು, ಗುರುವಾರದ ತನಕ ಕಾಯಬೇಡಿ. ದಡಾರದ ಮಗುವಿನ ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಲಸಿಕೆ ಬಿದ್ದರೆ ರೋಗ ತಡೆಯುವ ಅಥವಾ ಹಗುರಾಗಿಸುವ ಅವಕಾಶ ಇರುತ್ತದೆ. ತಪ್ಪಿಹೋದ ಡೋಸ್ ಹಾಕಲು ಲ್ಯಾಬ್ ವರದಿಯೂ ಬೇಕಿಲ್ಲ. ವೈದ್ಯಾಧಿಕಾರಿಗಳಿಗೆ ಹೇಳಿ ನಾಳೆ ನಾಡಿದ್ದರಲ್ಲೇ ವಿಶೇಷ ಶಿಬಿರ ಇಡಿಸಿ.

ಇನ್ನು ಲಿಸ್ಟ್. ಎರಡನ್ನೂ ಬದಿಗಿಟ್ಟು ಮನೆ ಎಣಿಸಿ. ಡ್ಯೂ ಲಿಸ್ಟ್ ಹುಟ್ಟುವುದು ನೋಂದಣಿಯಿಂದ. ಗುಳೆ ಹೋದಾಗ ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಹುಟ್ಟಿದ ಮಗು ಅದರಲ್ಲಿ ಇರುವುದೇ ಇಲ್ಲ, ಡೋಸ್ ತಪ್ಪಿದ ಮಕ್ಕಳು ಹೆಚ್ಚಾಗಿ ಸಿಗುವುದೂ ಅಂಥ ಮನೆಗಳಲ್ಲೇ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆ ಜೋಡಿಯಾಗಿ ತಾಂಡಾದ ಒಂದು ತುದಿಯಿಂದ ಹೊರಟು, ಪ್ರತಿ ಬಾಗಿಲಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತ ಹೋಗಲಿ. ಬೀಗ ಹಾಕಿದ ಮನೆಗೂ ನಂಬರ್ ಬೀಳಬೇಕು, ಇಲ್ಲದಿದ್ದರೆ ಅದು ಲೆಕ್ಕದಿಂದಲೇ ಜಾರಿಹೋಗುತ್ತದೆ. ಬೆಳಿಗ್ಗೆ 6ರಿಂದ 8, ಇಲ್ಲವೇ ಸಂಜೆ 7ರ ಮೇಲೆ. ಹಗಲಲ್ಲಿ ಹೋದರೆ ಮುದುಕರಷ್ಟೇ ಸಿಗುತ್ತಾರೆ, ಮಕ್ಕಳ ಸೂಜಿಯ ವಿಷಯ ಅವರಿಗೆ ಗೊತ್ತಿರುವುದಿಲ್ಲ.

ಕೇಳುವ ಪ್ರಶ್ನೆಯಲ್ಲೇ ಅರ್ಧ ಕೆಲಸ ಇದೆ. ‘ನಿಮಗ ಎಷ್ಟು ಮಕ್ಕಳು?’ ಅಂದರೆ ತಂಗಿಯ ಕೂಸು, ಬೀಗರ ಮನೆಯಿಂದ ಬಂದ ಕೂಸು ಬಿಟ್ಟುಹೋಗುತ್ತವೆ. ‘ನಿನ್ನೆ ರಾತ್ರಿ ಈ ಮನ್ಯಾಗ ಐದು ವರ್ಷದೊಳಗಿನ ಎಷ್ಟು ಮಕ್ಕಳು ಮಲಗಿದ್ವು?’ ಅಂತ ಕೇಳಿ. ಹುಟ್ಟಿದ ತಾರೀಕು ಗೊತ್ತಿಲ್ಲದಿದ್ದರೆ ಹೋಳಿಯ ಹಿಂದೋ ಮುಂದೋ, ದವಾಳಿಯ ಹಿಂದೋ ಮುಂದೋ ಎಂದು ಹಿಡಿಯಿರಿ. ತಾಯಿ ಕಾರ್ಡ್ ಇಲ್ಲ, ತಾಯಿಗೂ ಖಾತ್ರಿ ಇಲ್ಲ ಅಂದರೆ ಲಸಿಕೆ ಆಗಿಲ್ಲವೆಂದೇ ಬರೆದುಕೊಳ್ಳಿ. ಒಂದು ಡೋಸ್ ಹೆಚ್ಚಾದರೆ ಅಪಾಯವಿಲ್ಲ.

ದಡಾರ ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ತಾಂಡಾದಲ್ಲಿ 80 ಮಕ್ಕಳಿದ್ದರೆ ಬಿಟ್ಟುಹೋಗಬಹುದಾದವರು ನಾಲ್ಕೇ ಜನ. ನಿಮ್ಮ ಎರಡು ಲಿಸ್ಟಿನ ನಡುವಿನ ವ್ಯತ್ಯಾಸವೇ ಹನ್ನೆರಡು.

ಐಸ್‌ಪ್ಯಾಕ್:

ಬಿಸಿಲಿನ ವಿಷಯ ನಾನು ಹೇಳ್ತೀನಿ. ಎಂಆರ್‌ಗೆ ಶಾಖ ಶತ್ರು, ಮಕ್ಕಳಿಗೆ ಹಾಕುವ ಬೇರೆ ಲಸಿಕೆಗಳಾದ ಪೆಂಟಾ, ಪಿಸಿವಿ, ಐಪಿವಿಗೆ ಹೆಪ್ಪುಗಟ್ಟುವುದು ಶತ್ರು. ಬೇಸಿಗೆಯಲ್ಲಿ ಆಗುವ ದೊಡ್ಡ ತಪ್ಪು ಯಾವುದೆಂದರೆ, ಸೆಕೆಗೆ ಹೆದರಿ ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಕ್ಯಾರಿಯರ್‌ಗೆ (ಲಸಿಕೆ ಒಯ್ಯುವ ತಂಪು ಡಬ್ಬಿಗೆ) ತುರುಕುವುದು. ಎಂಆರ್ ಪುಡಿ ತಡೆದುಕೊಳ್ಳುತ್ತದೆ, ಆದರೆ ಅದೇ ಕ್ಯಾರಿಯರ್‌ನಲ್ಲಿದ್ದ ಪೆಂಟಾ ಕೆಟ್ಟುಹೋಗುತ್ತದೆ. ಡೈಲ್ಯೂಯೆಂಟ್ (ಲಸಿಕೆಯ ಪುಡಿಗೆ ಬೆರೆಸುವ ನೀರು) ಕೂಡ ಹೆಪ್ಪುಗಟ್ಟಬಾರದು. ಐಸ್‌ಪ್ಯಾಕ್ ಹೊರಗೆ ತೆಗೆದು ಮೇಜಿನ ಮೇಲಿಡಿ. ಮೈ ಬೆವರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬರಬೇಕು, ಆಗ ಒರೆಸಿ ಹಾಕಿ. ಕ್ಯಾರಿಯರ್‌ಗೆ ನಾಲ್ಕೂ ಬೇಕು, ಮೂರರಲ್ಲಿ ನಡೆಯುವುದಿಲ್ಲ. ಐಸ್‌ಪ್ಯಾಕ್‌ಗೆ ಗುರುತಿನ ತನಕ ಮಾತ್ರ ನೀರು, ಉಪ್ಪು ಹಾಕಬೇಡಿ.

ಎಲ್ಲರೂ ಮರೆಯುವುದು ಡೈಲ್ಯೂಯೆಂಟ್. ಲಸಿಕೆ ಐಎಲ್‌ಆರ್‌ನಲ್ಲಿ (ಲಸಿಕೆ ಇಡುವ ಫ್ರಿಜ್‌ನಲ್ಲಿ), ಡೈಲ್ಯೂಯೆಂಟ್ ಕಪಾಟಿನಲ್ಲಿ! 40 ಡಿಗ್ರಿಯ ನೀರು ಬೆರೆಸಿದರೆ ಲಸಿಕೆಯ ಜೀವ ಅಲ್ಲೇ ಹೋಗುತ್ತದೆ. 24 ಗಂಟೆ ಮೊದಲೇ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಅದೇ ಕಂಪನಿಯದ್ದೇ ಆಗಿರಬೇಕು, ಬೇರೆ ಲಸಿಕೆಯದ್ದನ್ನು ಹೊಂದಿಸಿಕೊಳ್ಳುವಂತಿಲ್ಲ.

ಎಂಆರ್ ವಯಲ್‌ನ (ಲಸಿಕೆಯ ಸಣ್ಣ ಬಾಟಲಿಯ) ವಿವಿಎಂ, ಅಂದರೆ ಶಾಖ ತಾಗಿದರೆ ಬಣ್ಣ ಬದಲಿಸುವ ಗುರುತು, ಮುಚ್ಚಳದ ಮೇಲಿರುತ್ತದೆ. ಮುಚ್ಚಳ ಕಿತ್ತಮೇಲೆ ನೋಡಲು ಏನೂ ಉಳಿಯುವುದಿಲ್ಲ, ಆದ್ದರಿಂದ ಮೊದಲೇ ನೋಡಿ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಒಂದೇ ಬಣ್ಣ ಅಥವಾ ಇನ್ನೂ ಕಪ್ಪಾಗಿದ್ದರೆ ಬೇಡ. ಬೆರೆಸಿದ ಗಳಿಗೆಯ ಹೊತ್ತನ್ನು ವಯಲ್ ಮೇಲೆ ಬರೆದು, ನೆರಳಲ್ಲಿ ಐಸ್‌ಪ್ಯಾಕ್‌ನ ಗುಳಿಯಲ್ಲಿ ನಿಲ್ಲಿಸಿ. ನಾಲ್ಕು ಗಂಟೆ ಆಯಿತೆಂದರೆ ಡೋಸ್ ಉಳಿದಿದ್ದರೂ ಎಸೆಯಲೇಬೇಕು. ಇದರಲ್ಲಿ ಕ್ರಿಮಿ ತಡೆಯುವ ಔಷಧ ಇರುವುದಿಲ್ಲ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಬೆಳೆದರೆ ಸೂಜಿ ಹಾಕಿದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ಜೋರು ಜ್ವರ ಬಂದು ಮಗುವಿನ ಪ್ರಾಣಕ್ಕೇ ಕುತ್ತು. ‘ಇನ್ನೆರಡು ಕೂಸು ಬರ್ತಾವ, ತಡೀರಿ’ ಅನ್ನುವವರಿಗೆ ಇದನ್ನೇ ಹೇಳಿ, ಹೊಸ ವಯಲ್ ಒಡೆಯಿರಿ. ಒಂದೇ ಮಗು ಬಂದರೂ ವಯಲ್ ಒಡೆಯಬೇಕು. ವಾಪಸ್ ಕಳಿಸಿದ ತಾಯಿ ಮತ್ತೆ ಬರುವುದು ಕಷ್ಟ.

ಕರೆಂಟ್ ಹೋದರೆ ಐಎಲ್‌ಆರ್ ಮುಚ್ಚಳ ತೆಗೆದು ನೋಡುವ ಆಸೆ ಬೇಡ, ಮುಚ್ಚಿದ್ದರೆ ಗಂಟೆಗಟ್ಟಲೆ ತಡೆಯುತ್ತದೆ.

ತೊಗರಿಹೊಲ:

ಆ ನಾಲ್ಕು ಮನಿಯವರು ಸುಳ್ಳು ಹೇಳ್ತಿಲ್ರಿ, ಅದನ್ನ ಮೊದಲು ಒಪ್ಕೋಬೇಕು. ಪೆಂಟಾ ಹಾಕಿದರ ಜ್ವರ ಅವತ್ತ ರಾತ್ರಿ ಬರ್ತದ, ಎಂಆರ್ ಹಾಕಿದರ ಏಳರಿಂದ ಹನ್ನೆರಡನೇ ದಿನದಾಗ ಬರ್ತದ. ನೂರು ಮಕ್ಕಳಾಗ ಐದರಿಂದ ಹದಿನೈದು ಮಂದಿಗಿ ಜ್ವರ, ಎರಡರಿಂದ ಐದು ಮಂದಿಗಿ ಸಣ್ಣ ಗಂಧಿ. ಎರಡು ದಿನಕ್ಕ ಇಳೀತಾವ. ಆದ್ರ ‘ಏನೂ ಆಗಲ್ಲ’ ಅಂತ ಹೇಳಿ ಕಳಿಸಿರ್ತೀವಿ. ವಾರ ಬಿಟ್ಟು ಜ್ವರ ಬಂದಾಗ ತಾಯಿಗಿ ಲಸಿಕಿ ಮ್ಯಾಲ ಅಷ್ಟೇ ಅಲ್ಲ, ಹೇಳಿದವರ ಮ್ಯಾಲೂ ನಂಬಿಕಿ ಹೋಗ್ತದ.

ಹಿಂಗ ಹೇಳ್ರಿ: ‘ಅಕ್ಕಾ, ಇವತ್ತು ಏನೂ ಆಗಂಗಿಲ್ಲ. ಇವತ್ತಿಗಿ ಒಂದು ವಾರ ಆದಮ್ಯಾಲ ಒಂದೆರಡು ದಿನ ಮೈ ಬೆಚ್ಚಗ ಆಗಬಹುದು, ನಾಕು ಗಂಧಿ ಕಾಣಬಹುದು. ಹಂಗಾದ್ರ ಹೆದರಬ್ಯಾಡ, ನನಗ ಫೋನ್ ಮಾಡು.’ ತಾರೀಕು ಕಾರ್ಡಿನ ಮ್ಯಾಲ ಬರದು ಕೊಡ್ರಿ. ಮತ್ತ ಎಂಟನೇ ದಿನ ನೀವೇ ಆ ಮನಿ ಬಾಗಿಲಿಗಿ ಹೋಗ್ರಿ. ಈ ಎಂಟನೇ ದಿನದ ಹಾದಿ ತಪ್ಪಿಸಬ್ಯಾಡ್ರಿ, ಉಳಿದ ಎಲ್ಲಾ ಭಾಷಣಕ್ಕಿಂತ ಅದು ದೊಡ್ಡದು.

2017ರ ಫೆಬ್ರುವರಿಯಾಗ ನಮ್ಮ ರಾಜ್ಯದಾಗ 9 ತಿಂಗಳಿಂದ 15 ವರ್ಷದ ಮಕ್ಕಳಿಗಿ ಎಂಆರ್ ಅಭಿಯಾನ ಸುರು ಆದಾಗ ವಾಟ್ಸ್ಆ್ಯಪ್‌ನಾಗ ಸುಳ್ಳು ಸುದ್ದಿ ಹರಿದಾಡಿದ್ವು. ಅಂಥ ಮಾತಿಗಿ ಉತ್ತರ ಆಡಿಯೋದಾಗೇ ಇರಲಿ, ಲಂಬಾಣಿಯಾಗ ಇರಲಿ, ಒಂದು ನಿಮಿಷ ದಾಟಬಾರದು. ಸುಳ್ಳು ಮಾತನ್ನ ಮತ್ತ ಎತ್ತಿ ಆಡಬ್ಯಾಡ್ರಿ, ಖರೇ ಮಾತಷ್ಟೇ ಹೇಳ್ರಿ. ಅದಕ್ಕೂ ಮೊದಲು ತಾಂಡಾದ ಮುಖಂಡರಾದ ನಾಯಕ, ಕಾರಭಾರಿ ಜೋಡಿ ಕುಂತು ಮಾತಾಡ್ರಿ. ಅವರ ಮನಿ ಮೊಮ್ಮಗನ ಸೂಜಿ ಎಲ್ಲರ ಎದುರಿಗಿ ಮೊದಲು ಆಗಲಿ.

ಬೇವಿನ ತಪ್ಪಲ, ಸೀತಲಾ ತಾಯಿ ವಿಷಯದಾಗ ಜಗಳ ಬ್ಯಾಡ. ತಪ್ಪಲ ಕಟ್ಟಿದ ಮನಿ ಅಂದ್ರ ‘ಇಲ್ಲಿ ಬ್ಯಾನಿ ಅದ’ ಅಂತ ಬೋರ್ಡು ಹಾಕಿದಂಗ. ನಿಮಗ ಕೇಸ್ ಹುಡುಕಲಿಕ್ಕ ಅದೇ ದಾರಿ. ಬೈದ್ರ ನಾಳಿಂದ ತಪ್ಪಲ ಕಟ್ಟಂಗಿಲ್ಲ, ಕೂಸಿನ್ನೂ ತೋರಿಸಂಗಿಲ್ಲ.

ಮುಲ್ಲಾಮಾರಿ_ದಂಡಿ:

ಬಹಳ ಉಪಕಾರ ಆಯ್ತು. ನಾಡಿದ್ದಿಗೇ ಶಿಬಿರ ಇಡಸ್ತೀವಿ. ಇನ್ನೆರಡು ಕೇಳ್ತೀನಿ. ಪಕ್ಕದ ಮನ್ಯಾಗ ಏಳು ತಿಂಗಳ ಕೂಸದ, ಅದಕ್ಕ ಹಾಕಬಹುದಾ? ಈಗ ಮಲಗಿರೋ ಆರು ಮಕ್ಕಳಿಗಿ ಏನು ಮಾಡೋದು?

ಮನೆಎಣಿಕೆ:

ಏಳು ತಿಂಗಳ ಕೂಸಿನ ತೀರ್ಮಾನ ನಿಮ್ಮ ಮಟ್ಟದಲ್ಲಿ ಆಗುವುದಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಕೊಟ್ಟ ಸೂಚನೆಯಂತೆ, ಒಂದು ಪ್ರದೇಶದ ದಡಾರ ಕೇಸುಗಳಲ್ಲಿ 9 ತಿಂಗಳೊಳಗಿನವರು ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ 6ರಿಂದ 9 ತಿಂಗಳ ಕೂಸಿಗೂ ಒಂದು ಡೋಸ್ ಕೊಡಬಹುದು. ಆದ್ದರಿಂದ ಆರೂ ಮಕ್ಕಳ ವಯಸ್ಸನ್ನು ತಿಂಗಳಲ್ಲಿ ಬರೆದು ಜಿಲ್ಲಾ ಲಸಿಕಾ ಅಧಿಕಾರಿಗೆ ಕಳಿಸಿ. ಕೊಟ್ಟರೂ ಅದು ಲೆಕ್ಕಕ್ಕೆ ಸೇರುವುದಿಲ್ಲ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು ಹಾಕಲೇಬೇಕು ಅಂತ ಕಾರ್ಡಿನಲ್ಲಿ ದಪ್ಪಗೆ ಬರೆಯಿರಿ.

ಮಲಗಿರುವ ಮಕ್ಕಳಿಗೆ ವಿಟಮಿನ್ ಎ ಇವತ್ತೊಂದು, ನಾಳೆಯೊಂದು. ಆರು ತಿಂಗಳೊಳಗೆ ಅರ್ಧ ಮಿಲಿ, 6ರಿಂದ 11 ತಿಂಗಳಿಗೆ ಒಂದು ಮಿಲಿ, ವರ್ಷ ತುಂಬಿದವರಿಗೆ ಎರಡು ಮಿಲಿ (ಮಿಲಿಗೆ ಒಂದು ಲಕ್ಷ ಯೂನಿಟ್ ಇರುವ ಸಿರಪ್). ಮೊನ್ನೆ ಮೊನ್ನೆ ಅಂಗನವಾಡಿಯಲ್ಲಿ ಕುಡಿಸಿದ್ದರೂ ಬಿಡಬೇಡಿ. ಡೋಸ್ ವೈದ್ಯಾಧಿಕಾರಿ ನೋಡಿ ಖಚಿತಪಡಿಸಲಿ. ಕಣ್ಣು ಮಸುಕಾಗಿದ್ದರೆ ನಾಲ್ಕರಿಂದ ಆರು ವಾರದ ಮೇಲೆ ಮೂರನೆಯದೂ ಬೇಕು. ಹಾಲು, ಗಂಜಿ, ನೀರು ನಿಲ್ಲಿಸಬಾರದು.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವರ್ಷದೊಳಗಿನ ಕೂಸಿಗೆ 50, ವರ್ಷ ದಾಟಿದ ಮಗುವಿಗೆ 40 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಕುಡಿಯಲು ಆಗದಿದ್ದರೆ, ಫಿಟ್ಸ್ ಬಂದರೆ ಆಗಲೇ 108ಕ್ಕೆ ಫೋನ್ ಮಾಡಿ.

ಗಂಧೆ ಎದ್ದ ದಿನದ ಹಿಂದಿನ ನಾಲ್ಕು ದಿನ, ಮುಂದಿನ ನಾಲ್ಕು ದಿನ ಅಂಟುವ ಕಾಲ. ಅಷ್ಟು ದಿನ ಆ ಮಗು ಅಂಗನವಾಡಿಗೆ ಬೇಡ. ಆ ದಿನಗಳಲ್ಲಿ ಯಾರಾದರೂ ಮಕ್ಕಳನ್ನು ಕರೆದುಕೊಂಡು ಕೆಲಸಕ್ಕೆ ಪುಣೆ, ಮುಂಬೈ ಕಡೆ ಹೊರಟಿದ್ದರೆ ಹೋಗುವ ಊರು, ಫೋನ್ ನಂಬರ್ ಬರೆದುಕೊಂಡು ಇವತ್ತೇ ವೈದ್ಯಾಧಿಕಾರಿಗೆ ಕೊಡಿ.