ಗೇರ್ ಸೈಕಲ್ಲನ್ನು ಸಿಂಗಲ್ ಸ್ಪೀಡ್ ಮಾಡಿದೆ, ಈಗ ಚೈನು ನಿಲ್ಲುತ್ತಿಲ್ಲ

ಸಾಧನಕೇರಿ ಸವಾರ:

ಎಲ್ಲರಿಗೂ ನಮಸ್ಕಾರ ರೀ. ಅಣ್ಣ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ತನ್ನ 21 ಗೇರಿನ ಎಂಟಿಬಿಯನ್ನು ನನಗೆ ಬಿಟ್ಟು ಹೋದ. ಕಬ್ಬಿಣದ ಫ್ರೇಮು, 26 ಇಂಚಿನ ಚಕ್ರ. ಮುಂದೆ 42, 34, 24 ಹಲ್ಲಿನ ಮೂರು ಚೈನ್‌ವೀಲು, ಹಿಂದೆ ಏಳು. ಕಳೆದ ಮಳೆಗಾಲದಲ್ಲಿ ನವಲಗುಂದದ ಕಡೆ ಹೊಲದ ದಾರಿಗೆ ಇಳಿಸಿದ್ದೇ ತಪ್ಪಾಯಿತು. ಎರೆ ಮಣ್ಣು ನಿಮಗೆ ಗೊತ್ತಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರದ ಸುತ್ತ ಹಿಟ್ಟು ನಾದಿಟ್ಟ ಹಾಗೆ ಮೆತ್ತಿಕೊಂಡಿತು. ಗೇರ್ ಬದಲಿಸಿ ಚೈನನ್ನು ಬಿಗಿ ಹಿಡಿಯುವ ಡಿರೇಲರ್ ಚಕ್ರದ ಕಡ್ಡಿಗೆ ಸಿಕ್ಕಿ ಸೊಟ್ಟಗಾಯಿತು. ಗೇರಿನ ಸಹವಾಸವೇ ಸಾಕು ಅನಿಸಿತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಏಳರ ಫ್ರೀವೀಲ್ (ಹಿಂದಿನ ಚಕ್ರಕ್ಕೆ ಥ್ರೆಡ್ಡಿನ ಮೇಲೆ ತಿರುಗಿಸಿ ಕೂರಿಸುವ ಹಲ್ಲುಚಕ್ರ) ಬಿಚ್ಚಿಸಿದೆ. ಅದನ್ನು ಬಿಚ್ಚಿದ್ದೇ ಒಂದು ಕಥೆ. ಓಪನರನ್ನು ವೈಸ್‌ಗೆ ಕಚ್ಚಿಸಿ, ಅದರ ಮೇಲೆ ಚಕ್ರ ಕೂರಿಸಿ, ಬಸ್ಸಿನ ಸ್ಟೇರಿಂಗ್ ಹಾಗೆ ಎಡಕ್ಕೆ ತಿರುಗಿಸಿದೆವು. ಇಬ್ಬರು ಬೇಕಾಯಿತು. ಅದೇ ಥ್ರೆಡ್ಡಿಗೆ 18 ಹಲ್ಲಿನ ಒಂಟಿ ಫ್ರೀವೀಲ್ ಕೂತಿತು. ಹಳೇ ಚೈನನ್ನೇ ಕತ್ತರಿಸಿ, ಮುಂದೆ ಮಧ್ಯದ 34ಕ್ಕೆ ಹಾಕಿದೆ.

ಈಗ ಎರಡು ತೊಂದರೆ. ರಸ್ತೆಯ ಹಂಪು ಹಾರಿದರೆ ಸಾಕು, ಚೈನು ಒಳಗಡೆ ಬಿದ್ದುಬಿಡುತ್ತದೆ. ಇನ್ನೊಂದು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ನವಲೂರು ಸೇತುವೆ ಏರಿಗೆ ಎದ್ದು ನಿಂತು ತುಳಿದರೆ 'ಟಕ್' ಅಂತ ಜಾರುತ್ತದೆ. ಮೊನ್ನೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ಊದಿದೆ. ಎಕ್ಸೆಲ್ ಕೂರುವ ಕಚ್ಚು ನೇರ ಕೆಳಮುಖವಾಗಿದೆ, ಹಾಗಾಗಿ ಚಕ್ರ ಹಿಂದಕ್ಕೆ ಎಳೆಯಲು ಬರುವುದಿಲ್ಲ. ಏನು ಮಾಡಲಿ?

ಉಣಕಲ್ ದಂಡೆ:

ಚೈನ್ ಲೂಸ್ ಇದೆ ಅಷ್ಟೇ. ಆನ್‌ಲೈನಿನಲ್ಲಿ ಚೈನು ಬಿಗಿ ಹಿಡಿಯುವ ಟೆನ್ಷನರ್ ಸಿಗುತ್ತದೆ, ತರಿಸಿ ಹಾಕಿ. ಮುಗೀತು.

ಹಳೇ ಪಾನಾ:

ತಮ್ಮಾ, ಟೆನ್ಷನರಿಗೆ ಈಗಲೇ ದುಡ್ಡು ಹಾಕಬೇಡ. ಲೂಸ್ ಇರಬಹುದು, ಆದರೆ ಬೀಳುವುದು ಬೇರೆ, ಜಾರುವುದು ಬೇರೆ. ಎರಡಕ್ಕೂ ಒಂದೇ ಔಷಧ ಅಂದುಕೊಂಡರೆ ಟೆನ್ಷನರ್ ಹಾಕಿದ ಮೇಲೂ ಮೊಣಕಾಲು ಊದುತ್ತದೆ.

ಮೊದಲು ಜಾರುತ್ತಿರುವುದು ಯಾವುದು ನೋಡು. ಮನೆಯಲ್ಲಿ ಯಾರದಾದರೂ ಉಗುರು ಬಣ್ಣ ಇರುತ್ತದಲ್ಲ, ಫ್ರೀವೀಲಿನ ಒಂದು ಹಲ್ಲಿಗೂ ಅದರ ಮೇಲೆ ಕೂತ ಚೈನಿನ ಕೊಂಡಿಗೂ ಒಂದೊಂದು ಚುಕ್ಕಿ ಇಡು. ಹಿಂದಿನ ಬ್ರೇಕ್ ಗಟ್ಟಿ ಹಿಡಿದು ಪೆಡಲ್ ಮೇಲೆ ಭಾರ ಹಾಕು. ಟಕ್ ಅಂದ ಮೇಲೂ ಚುಕ್ಕಿಗಳು ಜೊತೆಗೇ ಇದ್ದರೆ ಫ್ರೀವೀಲಿನ ಒಳಗಿನ ಕುದುರೆ (ಮುಂದಕ್ಕೆ ತುಳಿದಾಗ ಕಚ್ಚಿ ಹಿಡಿಯುವ ಸಣ್ಣ ಕೊಕ್ಕೆ) ಹಿಡಿಯುತ್ತಿಲ್ಲ ಅಂತ. ಚುಕ್ಕಿಗಳು ಬೇರೆಯಾದರೆ ಚೈನೇ ಹಲ್ಲು ಹಾರುತ್ತಿದೆ.

ಆಮೇಲೆ ಅಳತೆ ಬೇಕು. ಫ್ರೀವೀಲಿನ ಹಲ್ಲಿನ ದಪ್ಪ ಎಷ್ಟು? ಚೈನಿನ ಪಿನ್ನಿನಿಂದ ಪಿನ್ನಿಗೆ ಸ್ಕೇಲ್ ಹಿಡಿದು 24 ಪಿನ್ ದಾಟಿದರೆ ಎಷ್ಟು ಇಂಚು ಬರುತ್ತದೆ? ಹೊಸದಾದರೆ ಸರಿಯಾಗಿ 12. ಕೊನೆಯದಾಗಿ ಚೈನ್‌ಲೈನು, ಅಂದರೆ ಮುಂದಿನ ಹಲ್ಲೂ ಹಿಂದಿನ ಹಲ್ಲೂ ಒಂದೇ ಗೆರೆಯಲ್ಲಿವೆಯಾ ಅಂತ. ಮುಂದೆ, ಸೀಟ್ ಪೈಪಿನ ನಡುವಿನಿಂದ 34ರ ಹಲ್ಲಿಗೆ ಎಷ್ಟು ದೂರ? ಹಿಂದೆ, ಎಕ್ಸೆಲ್ ಕೂರುವ ಜಾಗದ ಒಳಗೋಡೆಯಿಂದ ಫ್ರೀವೀಲಿನ ಹಲ್ಲಿಗೆ ಎಷ್ಟು? ಎರಡು ಒಳಗೋಡೆಗಳ ಮಧ್ಯದ ಒಟ್ಟು ಅಗಲವನ್ನೂ ಹೇಳು.

ಸಾಧನಕೇರಿ ಸವಾರ:

ಕಾಕಾ, ವೈನಿಯ ಉಗುರು ಬಣ್ಣ ಮುಟ್ಟಿದ್ದಕ್ಕೆ ಬೈಸಿಕೊಂಡೆ. ಚುಕ್ಕಿಗಳು ಬೇರೆಯಾದವು, ಅಂದರೆ ಚೈನೇ ಹಾರುತ್ತಿದೆ.

ಹಲ್ಲು 2.9 ಮಿ.ಮೀ. (ಗೆಳೆಯನ ವರ್ನಿಯರ್). ಚೈನು 12 ಇಂಚು ದಾಟಿ ಇನ್ನೂ 1/8ರ ಹತ್ತಿರ ಇದೆ. ಒಟ್ಟು ಅಗಲ 135 ಮಿ.ಮೀ. ಮುಂದೆ 48. ಹಿಂದೆ ಒಳಗೋಡೆಯಿಂದ ಹಲ್ಲಿಗೆ 26.

ಹಳೇ ಪಾನಾ:

ನಿನ್ನ ಉತ್ತರದಲ್ಲೇ ಕಳ್ಳ ಸಿಕ್ಕ. ಗೇರ್ ಚೈನಿನ ಒಳ ಅಗಲ 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ. ನಿನ್ನ ಹಲ್ಲು 2.9. ಅಂಗಡಿಯವರು ಕೊಟ್ಟಿರುವುದು ಸಾದಾ ಸೈಕಲ್ಲಿನ ಫ್ರೀವೀಲು. ಅದು 1/8 ಇಂಚಿನ ದಪ್ಪ ಚೈನಿಗೆ ಮಾಡಿದ್ದು. ಹಲ್ಲಿನ ತುದಿ ಮೊನಚಾಗಿರುವುದಕ್ಕೆ ಚೈನು ಅರ್ಧ ಇಳಿದು ಅಲ್ಲೇ ಸಿಕ್ಕಿ ನಿಲ್ಲುತ್ತದೆ. ಚೈನಿನ ಉರುಳೆಗೂ ಹಲ್ಲಿನ ಬುಡಕ್ಕೂ ಮಧ್ಯೆ ಬ್ಯಾಟರಿ ಬಿಟ್ಟು ನೋಡು, ಬೆಳಕು ಆಚೆ ಕಾಣುತ್ತದೆ. ಅಂಥದ್ದರ ಮೇಲೆ ಎದ್ದು ನಿಂತು ತುಳಿದರೆ ಜಾರದೆ ಇನ್ನೇನು? ಸಾಲದ್ದಕ್ಕೆ ಚೈನು ಸವೆದು ಉದ್ದವಾಗಿದೆ. ಅದನ್ನು ಎಸೆದುಬಿಡು. ಸಾದಾ ಸೈಕಲ್ಲಿನ 1/8 ಚೈನು ತಗೋ. ಅಗಲದ ಚೈನು ತೆಳು ಹಲ್ಲಿಗೂ ನಡೆಯುತ್ತದೆ, ಮುಂದಿನ 34ಕ್ಕೆ ಏನೂ ಆಗುವುದಿಲ್ಲ. ಪಕ್ಕದ 42ಕ್ಕೆ ಉಜ್ಜುತ್ತದೆಯೇ ಅಂತ ಮಾತ್ರ ಒಂದು ಸಲ ತಿರುಗಿಸಿ ನೋಡು. ಲಾಕ್ ಕ್ಲಿಪ್ಪಿನ ಮುಚ್ಚಿದ ಬಾಯಿ ಚೈನು ಓಡುವ ದಿಕ್ಕಿಗಿರಲಿ.

ಟೆನ್ಷನರ್ ಬೇಡ ಅಂದಿದ್ದು ಇದಕ್ಕೇ. ಚೈನು ಹಲ್ಲಿನ ಮೇಲೆ ಎತ್ತರದಲ್ಲಿ ಕೂತಿರುವಾಗ ಅಳೆದ ಲೂಸು ಸುಳ್ಳು ಲೂಸು.

ಇನ್ನು ಬೀಳುವ ವಿಷಯ. 135ರ ಅರ್ಧ 67.5, ಅದರಲ್ಲಿ 26 ಕಳೆದರೆ 41.5. ಮುಂದೆ 48, ಹಿಂದೆ 41.5. ಆರೂವರೆ ಮಿ.ಮೀ. ಓರೆ! ಗೇರ್ ಇದ್ದಾಗ ಇಷ್ಟು ಓರೆಯನ್ನು ಡಿರೇಲರ್ ಎಳೆದು ಹಿಡಿಯುತ್ತಿತ್ತು. ಈಗ ಹಿಡಿಯುವವರಿಲ್ಲ. ಮೇಲಾಗಿ ಗೇರಿನ ಚೈನ್‌ವೀಲಿನ ಹಲ್ಲು ಗಿಡ್ಡ, ಚೈನು ಬೇಗ ಬಿಡಲಿ ಅಂತಲೇ ಹಾಗೆ ಮಾಡಿರುತ್ತಾರೆ. ಒಂದೆರಡು ಮಿ.ಮೀ. ಓರೆ ನಡೆಯುತ್ತದೆ, ಆರು ನಡೆಯುವುದಿಲ್ಲ.

ಮೂರೂ ಚೈನ್‌ವೀಲು ರಿವೆಟ್ ಹೊಡೆದಿದ್ದರೆ ಮುಂದೆ ಮಾಡಲು ಏನೂ ಇಲ್ಲ. ಹಿಂದೆ ಮಾಡಬೇಕು. ಹಬ್ಬಿನ (ಕಡ್ಡಿಗಳು ಸೇರುವ ಚಕ್ರದ ನಡುಭಾಗ) ಬಲಗಡೆ ಏಳು ಗೇರಿಗೆ ಜಾಗ ಬಿಡಲು ಎಕ್ಸೆಲ್ ಮೇಲೆ ಉದ್ದದ ಸ್ಪೇಸರ್ (ಬಳೆ) ಇರುತ್ತದೆ. ಅಲ್ಲಿಂದ 6 ಮಿ.ಮೀ. ತೆಗೆದು ಅಷ್ಟನ್ನೇ ಎಡಕ್ಕೆ ಹಾಕು. ಇಡೀ ಹಬ್ಬು ಬಲಕ್ಕೆ 6 ಸರಿಯುತ್ತದೆ, ಹಿಂದಿನ ಲೈನು 47.5 ಆಗುತ್ತದೆ. ರಿಮ್ಮೂ ಜೊತೆಗೇ ಬಲಕ್ಕೆ ಬರುವುದರಿಂದ ಎಡಗಡೆ ಕಡ್ಡಿ ಬಿಗಿ ಮಾಡುತ್ತಾ, ಬಲಗಡೆಯವನ್ನು ಸಡಿಲ ಬಿಡುತ್ತಾ ರಿಮ್ಮನ್ನು ನಡುವಿಗೆ ತರಬೇಕು. ಕಾಲು ಕಾಲು ಸುತ್ತು, ಅವಸರ ಬೇಡ. ಬೆಂಡು ತೆಗೆದು ರೂಢಿ ಇಲ್ಲದಿದ್ದರೆ ಈ ಒಂದು ಕೆಲಸ ಅಂಗಡಿಗೆ ಕೊಡು. ಸರಿ ಬಂತೋ ಇಲ್ಲವೋ ನೋಡಲು ಚಕ್ರವನ್ನು ತಿರುಗಾಮುರುಗಾ ಫ್ರೇಮಿಗೆ ಹಾಕು. ಎರಡೂ ಸಲ ರಿಮ್ಮು ಒಂದೇ ಜಾಗದಲ್ಲಿ ನಿಂತರೆ ಸರಿ. ಗೇರ್ ಚಕ್ರದಲ್ಲಿ ಬಲಗಡೆ ಕಡ್ಡಿ ಬಿಗಿ, ಎಡಗಡೆ ಸಡಿಲು ಇರುತ್ತದೆ. ಈಗ ಎರಡೂ ಸರಿಸಮ ಆಗಿ ಚಕ್ರವೂ ಗಟ್ಟಿಯಾಗುತ್ತದೆ.

ಗದಗಿನ ಗಾಳಿ:

ನಡುವೆ ಬಂದೆ, ಕ್ಷಮಿಸಿ. ನನ್ನದು ಕ್ಯಾಸೆಟ್ ಹಬ್ಬು. ನನಗೂ ಇಷ್ಟೆಲ್ಲ ಮಾಡಬೇಕಾ?

ಹಳೇ ಪಾನಾ:

ಬೇಡ. ನಿಮ್ಮದು ಸುಲಭ. ಹಬ್ಬಿನ ಮೇಲೆ ಜಾರಿಸಿ ಕೂರಿಸಿದ ಹಲ್ಲುಚಕ್ರಗಳ ಗೊಂಚಲು, ಅದೇ ಕ್ಯಾಸೆಟ್, ತೆಗೆದು ಒಂದೇ ಕಾಗ್ (ಹಲ್ಲುಚಕ್ರ) ಹಾಕಿ, ಅದರ ಆಚೆ ಈಚೆ ಸ್ಪೇಸರ್ ಬದಲಿಸಿದರೆ ಲೈನು ಎಲ್ಲಿ ಬೇಕೋ ಅಲ್ಲಿಗೆ ಬರುತ್ತದೆ. ಕಡ್ಡಿ, ರಿಮ್ಮು ಮುಟ್ಟುವ ಅಗತ್ಯವೇ ಇಲ್ಲ.

ಸಾಧನಕೇರಿ ಸವಾರ:

ಕಾಕಾ, ಬೆಳಕು ಕಂಡಿತು! ಎರಡು ಮಿ.ಮೀ. ಸಂದು. ಹೊಸ 1/8 ಚೈನು ಹಾಕಿದೆ, ಸ್ಪೇಸರ್ ಬದಲಿಸಿದೆ, ಕಡ್ಡಿ ಕೆಲಸ ಅಂಗಡಿಯಲ್ಲಿ ಮಾಡಿಸಿದೆ. ಹಿಂದಿನಿಂದ ನೋಡಿದರೆ ಚೈನು ದಾರ ಎಳೆದ ಹಾಗಿದೆ. ಆದರೆ ಈಗ ಜೋಲು ಜಾಸ್ತಿ. ಮೇಲಿನ ಸಾಲು ಬಿಗಿ ಹಿಡಿದು ಕೆಳಗಿನದನ್ನು ಒತ್ತಿದರೆ 5 ಸೆಂ.ಮೀ. ಇಳಿಯುತ್ತದೆ. ಇನ್ನೊಂದು ಜೋಡಿ ಕೊಂಡಿ ತೆಗೆದರೆ ಸೇರುವುದೇ ಇಲ್ಲ.

ಉಣಕಲ್ ದಂಡೆ:

ನಾನು ಹೇಳಲಿಲ್ಲವಾ, ಟೆನ್ಷನರ್ 😀

ಹಳೇ ಪಾನಾ:

ನೀವು ಸುಮ್ನಿರಿ ಸ್ವಲ್ಪ. ಅಷ್ಟು ಇಳಿಯುತ್ತದೆ ಅಂದರೆ ಹೆಚ್ಚಿರುವ ಚೈನು ಸುಮಾರು ಅರ್ಧ ಇಂಚು. ಫ್ರೀವೀಲಿಗೆ ಒಂದು ಹಲ್ಲು ಜಾಸ್ತಿಯಾದರೆ ಕಾಲು ಇಂಚು ಚೈನು ತಿನ್ನುತ್ತದೆ. ಅರ್ಧ ಇಂಚಿಗೆ ಎರಡು ಹಲ್ಲು. ಆ 18 ವಾಪಸ್ ಕೊಟ್ಟು 20 ಹಲ್ಲಿನದು ತಾ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಮೊದಲು ಕೈಯಲ್ಲೇ ತಿರುಗಿಸು. ಅಲ್ಯೂಮಿನಿಯಂ ಹಬ್ಬಿಗೆ ಓರೆ ಹತ್ತಿದರೆ ಹಬ್ಬೇ ಹೋಗುತ್ತದೆ.

ಅರದಿಂದ ಕಚ್ಚು ಉಜ್ಜಿ ಚಕ್ರ ಸರಿಸುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಫ್ರೇಮು ಮತ್ತೆ ಬೆಳೆಯುವುದಿಲ್ಲ.

34ಕ್ಕೆ 20 ಹಾಕಿದರೆ ಒಂದು ತುಳಿತಕ್ಕೆ ಮೂರೂವರೆ ಮೀಟರ್. ನಿಮಿಷಕ್ಕೆ 80 ಸಲ ತುಳಿದರೆ ಗಂಟೆಗೆ 17 ಕಿ.ಮೀ. ಹತ್ತಿರ. ಹುಬ್ಬಳ್ಳಿಗೆ ಇಳಿಯುವಾಗ ಕಾಲು ಸುಮ್ನೆ ತಿರುಗುತ್ತದೆ, ಅದು ನಿಜ. ಧಾರವಾಡಕ್ಕೆ ಏರುವಾಗ ನನ್ನನ್ನು ನೆನೆಸಿಕೋ.

ಸಾಧನಕೇರಿ ಸವಾರ:

ನೆನೆಸಿಕೊಂಡೆ ಕಾಕಾ. ಇವತ್ತು ಹುಬ್ಬಳ್ಳಿಯಿಂದ ಬಂದೆ, ನವಲೂರು ಏರಿಗೆ ಎದ್ದು ನಿಂತು ತುಳಿದೆ, ಜಾರಲಿಲ್ಲ. ಬೇಕಂತಲೇ ಎರಡು ಹಂಪು ಹಾರಿಸಿದೆ, ಚೈನು ಬೀಳಲಿಲ್ಲ. ಖುಷಿಗೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಒಂದು ಕಿಲೋ ಪೇರಲ ತಗೊಂಡೆ. ಒಂದು ಸಣ್ಣ ವಿಷಯ. ಪೆಡಲ್ ಒಂದು ಸುತ್ತು ಬಂದಾಗ ಒಂದು ಕಡೆ ಚೈನು ಬಿಗಿ, ಇನ್ನೊಂದು ಕಡೆ ಸಡಿಲು ಅನಿಸುತ್ತದೆ.

ಹಳೇ ಪಾನಾ:

ಚೈನ್‌ವೀಲು ಪೂರ್ತಿ ದುಂಡಗಿರುವುದು ಅಪರೂಪ. ಅತಿ ಬಿಗಿ ಇರುವ ಜಾಗದಲ್ಲಿ ಒತ್ತಿದರೆ ಒಂದು ಸೆಂ.ಮೀ. ಆಡುತ್ತದಾ? ಆಡಿದರೆ ಬಿಟ್ಟುಬಿಡು. ತಂತಿ ಹಾಗೆ ಬಿಗಿದಿದ್ದರೆ ಹಬ್ಬಿನ ಬೇರಿಂಗ್ ತಿನ್ನುತ್ತದೆ. ಕೆಲವು ತಿಂಗಳಲ್ಲಿ ಚೈನು ಸವೆದು ಮತ್ತೆ ಜೋಲು ಬೀಳುತ್ತದೆ. ಆಗ ಉಣಕಲ್‌ನವರ ಟೆನ್ಷನರ್ ಹಾಕೋಣ, ಅವರಿಗೂ ಸಮಾಧಾನ.

ಸಾಧನಕೇರಿ ಸವಾರ:

ಸರಿಯಾಗಿ ಒಂದು ಸೆಂ.ಮೀ. ಆಡುತ್ತದೆ. ಬಿಟ್ಟೆ.

ಗದಗಿನ ಗಾಳಿ:

ಬಿಚ್ಚಿಟ್ಟ ಬಲಗಡೆ ಗೇರ್ ಶಿಫ್ಟರ್ ಚೆನ್ನಾಗಿದೆಯಾ? ಏಳರದ್ದೇ ಅಲ್ವಾ? ತಂಗಿಯ ಸೈಕಲ್ಲಿಗೆ ಬೇಕಿತ್ತು. ಮುಂದಿನ ವಾರ ಧಾರವಾಡಕ್ಕೆ ಬರುತ್ತೇನೆ.