ಸಹಾಯ ಬೇಕು: ಹಳೇ ಪೋಲೋ ಜಿಟಿಗೆ ಮೊದಲು ಏನು ಮಾಡಿಸಲಿ?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 2015ರ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರು ತಗೊಂಡೆ. ಕಾಲೇಜು ದಿನಗಳಿಂದ ಆಸೆಪಟ್ಟ ಗಾಡಿ.

ಸ್ಟೇಜ್ 1 ರಿಮ್ಯಾಪ್ (ಪಾರ್ಟ್ ಬದಲಿಸದೆ ಎಂಜಿನ್ ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸುವುದು) ಮಾಡಿಸಬೇಕು ಅಂತಿದ್ದೇನೆ. ಆದರೆ ಇದರ 7 ಸ್ಪೀಡ್ ಡ್ರೈ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ತಡೆಯುವುದು 250 ಎನ್‌ಎಂ ಟಾರ್ಕ್‌ವರೆಗೆ (ಟಾರ್ಕ್ ಅಂದರೆ ಎಂಜಿನ್ ತಿರುಗಿಸುವ ಬಲ), ಕಂಪನಿಯಿಂದ ಬರುವಾಗ ಎಂಜಿನ್ ಕೊಡುತ್ತಿದ್ದದ್ದು 175, ಹಾಗಾದರೆ ಎಷ್ಟಕ್ಕೆ ನಿಲ್ಲಿಸಿದರೆ ಕ್ಲಚ್ ಬಾಳಿಕೆ ಬರುತ್ತದೆ? ಹಳೇ ಕ್ಲಚ್ ಚೆಕ್ ಮಾಡಿಸದೆ ಸುಮ್ನೆ ಪವರ್ ಏರಿಸುವುದು ತಪ್ಪು ಅಲ್ವಾ?

ಲುಕ್‌ಗೆ 16 ಇಂಚಿನ ಅಲಾಯ್ ವೀಲ್ ಸಾಕು. ಗಾಡಿ ತಗ್ಗಿಸುವ ಆಸೆಯೂ ಇತ್ತು, ನಮ್ಮ ಬೀದಿಯ ಹಂಪ್‌ನಲ್ಲಿ ನಾಲ್ಕು ಜನ ಕೂತರೆ ಈಗಲೇ ಅಡಿ ಉಜ್ಜುತ್ತದೆ, ಹಾಗಾಗಿ ಬೇಡ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು, ಕೆಂಪೇ ಇರಲಿ. ಹಿಂದಿನವರು ಹಾಕಿಸಿದ ಎಕ್ಸಾಸ್ಟ್ ಟಿಪ್ (ಹೊಗೆ ಕೊಳವೆಯ ತುದಿಯ ತುಂಡು) ಬಂಪರ್‌ಗೆ ತಾಗಿ ಸಿಗ್ನಲ್‌ನಲ್ಲಿ ನಿಂತಾಗ ಕಟಕಟ ಅನ್ನುತ್ತದೆ, ಅದನ್ನಂತೂ ತೆಗೆಸುತ್ತೇನೆ.

ಮೈಸೂರು ಕಡೆ ಡಿಎಸ್‌ಜಿ ಚೆನ್ನಾಗಿ ಗೊತ್ತಿರುವ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ.