‘ಈ ಬೀಜಕ್ಕ ಗುಲಾಬಿ ಹುಳ ಬರೂದಿಲ್ಲ’: ಕೃಷಿ ಕಾಲೇಜು ಗೆಳೆಯರ ಗುಂಪಿನಲ್ಲಿ ಒಂದು ಫಾರ್ವರ್ಡ್

ಗುರುಪಾದ (ಸಿಂಧನೂರು): [ಫಾರ್ವರ್ಡ್] “ರೈತ ಬಾಂಧವರೇ, ಬಿಟಿ ಹತ್ತಿಯ ಕಾಲ ಮುಗಿಯಿತು! ಹೊಸ ಬೀಜ ಬಂದಿದೆ. ಕಳೆನಾಶಕ ಹೊಡೆದರೂ ಹತ್ತಿ ಸಾಯುವುದಿಲ್ಲ, ಗುಲಾಬಿ ಹುಳವೂ ಬರುವುದಿಲ್ಲ. ಸ್ಟಾಕ್ ಕಡಿಮೆ.”
ನಮ್ಮ ಕಡಿ ಎಲ್ಲಾ ಗುಂಪಿನಾಗ ಇದೇ ಓಡ್ಯಾಡಕತ್ತದ. ಖರೇನೋ ಸುಳ್ಳೋ ಹೇಳ್ರಪಾ.

ಶೈಲಜಾ: ಹತ್ತಿ ಕಾಯಿ ಕೊರೆದು ಒಳಗಿನ ಬೀಜ ತಿನ್ನೋ ಗುಲಾಬಿ ಹುಳ ಬರಲ್ಲ ಅನ್ನೋದು ಪೂರ್ತಿ ಸುಳ್ಳು, ಗುರು. ಕಳೆನಾಶಕ ತಾಳಿಕೊಳ್ಳೋ ಜೀನ್‌ಗೂ ಹುಳಕ್ಕೂ ಸಂಬಂಧವೇ ಇಲ್ಲ. ಗ್ಲೈಫೊಸೇಟ್ ಅನ್ನೋ ಕಳೆನಾಶಕ ಗಿಡದ ಒಂದು ಕಿಣ್ವವನ್ನು ತಡೆಯುತ್ತೆ. ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ಕಿಣ್ವವನ್ನು ಹತ್ತಿಗೆ ಸೇರಿಸಿದ್ದಾರೆ, ಅಷ್ಟೇ. ಹುಳಕ್ಕೆ ಅಂತ ಅದರಲ್ಲಿ ಏನಾದರೂ ಇದ್ದರೆ 2006ರಲ್ಲಿ ಬಂದ ಬೋಲ್‌ಗಾರ್ಡ್-2 ಅನ್ನೋ ಬಿಟಿ ಹತ್ತಿಯ (ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ) ಹುಳ ಕೊಲ್ಲೋ ಎರಡು ಪ್ರೋಟೀನ್, ಕ್ರೈ1ಎಸಿ ಮತ್ತು ಕ್ರೈ2ಎಬಿ. ಗುಲಾಬಿ ಹುಳ ಎರಡಕ್ಕೂ ನಿರೋಧ ಬೆಳೆಸಿಕೊಂಡು ವರ್ಷಗಳಾದವು.

ಬಸವರಾಜ (ಹಾವೇರಿ): ಹುಳದ ಮಾತು ಒಪ್ಪಿದೆ ಶೈಲಾ. ಆದ್ರ ಜನ ಆ ಬೀಜ ಹುಡುಕ್ಕೊಂಡು ಹೋಗೂದು ಹುಳದ ಸಲುವಾಗಿ ಅಲ್ಲ, ಕಸದ ಸಲುವಾಗಿ. ಮಳಿ ಹಿಡೀತಂದ್ರ ಎರಿ ಹೊಲದಾಗ ಎಡಿ ಹೊಡಿಯಾಕ ಆಗೂದಿಲ್ಲ, ಆಳು ಸಿಗೂದಿಲ್ಲ. ಬಿತ್ತಿದ ಮ್ಯಾಲೆ ಮೊದಲಿನ ಎರಡು ತಿಂಗಳು ಕಸ ಬಿಟ್ರ ಬೆಳಿ ಏಳೂದಿಲ್ಲ. ಈ ಬೀಜಕ್ಕ ಸರಕಾರ ಹೂಂ ಅಂತನೂ ಅನ್ನೂದಿಲ್ಲ, ಊಹೂಂ ಅಂತನೂ ಅನ್ನೂದಿಲ್ಲ. ಬಿಟಿ ಹತ್ತಿನೂ ಹಿಂಗ ಅಲ್ಲೇನು? 2001ರಾಗ ಗುಜರಾತಿನ ಹೊಲದಾಗ ಅನುಮತಿ ಇಲ್ಲದ ಸಿಕ್ಕಿತು, 2002ರ ಮಾರ್ಚ್‌ದಾಗ ಒಪ್ಪಿಗಿ ಬಂತು.

ಶೈಲಜಾ: ಬೇಡಿಕೆ ನಿಜ, ಬಸಣ್ಣ. ಆದರೆ ಆ ಪೊಟ್ಟಣದ ಮೇಲೆ ಲಾಟ್ ನಂಬರ್ ಇಲ್ಲ, ಮಾರಿದವನು ಬಿಲ್ ಕೊಡಲ್ಲ. ಮೊಳಕೆ ಬರದಿದ್ದರೆ ಯಾವ ಕಾಗದ ಹಿಡಿದು ಪರಿಹಾರ ಕೇಳ್ತೀರಿ? ಜೊತೆಗೆ ಹತ್ತಿಯ ನಡುವೆ ತೊಗರಿ ಸಾಲು ಇಟ್ಟಿದ್ದರೆ ಒಂದೇ ಸಿಂಪರಣೆಗೆ ತೊಗರಿ ಸತ್ತುಹೋಗುತ್ತೆ. ಗಾಳಿ ಇದ್ದ ದಿನ ಹೊಡೆದರೆ ಪಕ್ಕದವರ ಶೇಂಗಾನೂ ಹೋಗುತ್ತೆ. 2022ರ ಅಕ್ಟೋಬರ್‌ನಲ್ಲಿ ಬಂದ ಆದೇಶದ ಪ್ರಕಾರ ಗ್ಲೈಫೊಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು.

ರವಿ (ಅರಿಜೋನಾ): ಇಲ್ಲೂ ಇದೇ ಎರಡು ಪ್ರೋಟೀನ್ ಇದ್ವು. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಹತ್ತಿ ಪ್ರದೇಶದಿಂದ ಗುಲಾಬಿ ಹುಳ ನಿರ್ಮೂಲವಾಯ್ತು ಅಂತ ಕೃಷಿ ಇಲಾಖೆ ಘೋಷಿಸಿತು. ಮೊದಲು ಬಿಟಿ ಇಲ್ಲದ ಹತ್ತಿಯನ್ನ ಪಕ್ಕದಲ್ಲಿ ಕಡ್ಡಾಯವಾಗಿ ಬೆಳೆಸ್ತಿದ್ರು, ನಿರೋಧ ಇಲ್ಲದ ಹುಳಕ್ಕೆ ಆಶ್ರಯ ಸಿಕ್ಕು ಅವು ನಿರೋಧ ಇರೋವುಗಳ ಜೊತೆ ಕೂಡಲಿ ಅಂತ. 2006ರಿಂದ ವಿಮಾನದಲ್ಲಿ ಬಂಜೆ ಪತಂಗ ಬಿಟ್ರು. ಕೊಯ್ಲಾದ ಮೇಲೆ ಗಿಡ ಉಳುಮೆ ಮಾಡಿ ಮುಚ್ಚೋದಕ್ಕೂ ಕಾಯ್ದೆಯ ಗಡುವು ಇದೆ.

ಬಸವರಾಜ: ನಮ್ಮಲ್ಲಿನೂ ಪ್ಯಾಕೆಟ್ ಜೋಡಿ 120 ಗ್ರಾಂ ಬಿಟಿ ಇಲ್ಲದ ಬೀಜ ಕೊಡ್ತಿದ್ರಲ್ಲ. ಬದುವಿನ ಮ್ಯಾಲೆ ಒಗದ್ರು, ಹಾಕಲೇ ಇಲ್ಲ. ಕೆಲವು ಕಡಿ ಅದರ ಬದಲಿ ತೊಗರಿ ಬೀಜ ಇತ್ತು.

ಶೈಲಜಾ: ಆ ತೊಗರಿ ಹಸಿರು ಕಾಯಿಕೊರಕಕ್ಕೆ ಸರಿ. ಗುಲಾಬಿ ಹುಳಕ್ಕೆ ಹತ್ತಿ ಬಿಟ್ಟರೆ ಬೇರೆ ಊಟ ಬಹುತೇಕ ಇಲ್ಲ, ಹಾಗಾಗಿ ಅದಕ್ಕೆ ತೊಗರಿ ಆಶ್ರಯವೇ ಅಲ್ಲ. ಇದನ್ನ ಶುರುವಿನಲ್ಲೇ ಬಿಡಿಸಿ ಹೇಳಬೇಕಿತ್ತು. ಈಗ 475 ಗ್ರಾಂ ಪೊಟ್ಟಣದಲ್ಲಿ ಬಿಟಿಯಲ್ಲದ ಬೀಜ ಬೆರೆಸಿಯೇ ಬರುತ್ತೆ.
ನನ್ನ ದೊಡ್ಡ ತಕರಾರು ಹೈಬ್ರಿಡ್ ಮೇಲೆ. ನಮ್ಮ ಹೈಬ್ರಿಡ್‌ನಲ್ಲಿ ಜೀನ್ ಒಂದೇ ಕಡೆಯ ಪೋಷಕರಿಂದ ಬಂದಿರುತ್ತೆ. ಹಾಗಾಗಿ ಅದೇ ಗಿಡದ ಕಾಯಿಯೊಳಗೆ 16 ಬೀಜದಲ್ಲಿ 9ರಲ್ಲಿ ಎರಡೂ ಪ್ರೋಟೀನ್, 6ರಲ್ಲಿ ಒಂದೇ, 1ರಲ್ಲಿ ಏನೂ ಇಲ್ಲ. ಗುಲಾಬಿ ಹುಳ ತಿನ್ನೋದೇ ಬೀಜ. ಒಂದೇ ಕಾಯಿಯಲ್ಲಿ ಸ್ವಲ್ಪ ವಿಷ, ಸ್ವಲ್ಪ ಊಟ ಸಿಕ್ಕರೆ ಅರ್ಧ ನಿರೋಧ ಇರೋ ಹುಳವೂ ಉಳಿದುಬಿಡುತ್ತೆ.

ರವಿ: ಆದ್ರೆ ಶೈಲಾ, ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ಹೈಬ್ರಿಡ್‌ನ ಎರಡನೇ ತಲೆಮಾರಿನ ಬೀಜ ಬಿತ್ತಿದ್ದರಿಂದಲೇ ನಿರೋಧ ಇಳೀತಲ್ಲ?

ಶೈಲಜಾ: ಅಲ್ಲಿ ನಾಲ್ಕರಲ್ಲಿ ಒಂದು ಗಿಡ ಪೂರ್ತಿ ಬಿಟಿ ಇಲ್ಲದ್ದು, ರವಿ. ಆ ಗಿಡದಲ್ಲಿ ಬೆಳೆದ ಪತಂಗ ನಿರೋಧ ಇಲ್ಲದ್ದಾಗಿಯೇ ಉಳಿಯಿತು. ನಮ್ಮಲ್ಲಿ ಬೆರಕೆ ಇರೋದು ಕಾಯಿಯ ಒಳಗೆ. ಜೊತೆಗೆ ಇಲ್ಲಿ ಬೆಳೆಯನ್ನ ಫೆಬ್ರವರಿ, ಮಾರ್ಚ್‌ವರೆಗೂ ಎಳೀತಾರೆ. ಜೀನನ್ನ ಬೈಯೋಕೆ ಮುಂಚೆ ಇದನ್ನ ನೋಡಬೇಕು.

ಗುರುಪಾದ: ಅಕ್ಕಾ, ಈ ವರ್ಷ ಏನ್ ಮಾಡಬೇಕು, ಅದು ಹೇಳ್ರಿ.

ಶೈಲಜಾ: ಬಿತ್ತಿದ 45ನೇ ದಿನಕ್ಕೆ ಎಕರೆಗೆ 2 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯ ಲೂರ್ ಇಟ್ಟು ಗಂಡನ್ನ ಹಿಡಿಯೋದು), ಗಿಡದ ತುದಿಗಿಂತ ಒಂದಡಿ ಮೇಲೆ. ಸತತ 3 ರಾತ್ರಿ, ಒಂದೊಂದು ರಾತ್ರಿಗೂ ಬಲೆಗೆ 8 ಪತಂಗ ಬಿದ್ದರೆ ಔಷಧಿ ಸಮಯ. ಬಲೆಯೊಂದನ್ನೇ ನಂಬಬೇಡ. ಎಕರೆಗೆ 20 ಹಸಿರು ಕಾಯಿ ಕಿತ್ತು ಒಡೆದು ನೋಡು. 2ರಲ್ಲಿ ಹುಳ ಕಂಡರೆ ಮಿತಿ ದಾಟಿದೆ ಅಂತಲೇ ಲೆಕ್ಕ. ಹೊರಗಿಂದ ಕಾಯಿ ಚೆನ್ನಾಗೇ ಕಾಣುತ್ತೆ, ಹುಳ ಹೊಕ್ಕ ತೂತು ಮುಚ್ಚಿಹೋಗಿರುತ್ತೆ. ಅರಳದೆ ಮುದುಡಿದ ಹೂ ಕಂಡರೆ ಕಿತ್ತು ಸುಡು. ಶುರುವಿಗೇ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೀಬೇಡ, ಬಿಳಿ ನೊಣ ಏಳುತ್ತೆ.

ಬಸವರಾಜ: ಡಿಸೆಂಬರ್ ಮುಗಿಯೂದ್ರಾಗ ಹೊಲ ಖಾಲಿ ಮಾಡು. ಕಟಿಗಿ ಬಣವಿ ಒಟ್ಟಿ ಇಡಬ್ಯಾಡ. ಒಡೀದ ಉಳಿದ ಕಾಯಿಯೊಳಗ ಹುಳ ಮಲಗಿ, ಮುಂದಿನ ಮಳಿಗಿ ಎದ್ದು ಬರತೈತಿ. ಜಿನ್ ಮಿಲ್ ಹತ್ತಿರ ಹೊಲ ಇದ್ದವ್ರು ಇನ್ನೂ ಹುಷಾರಿರಬೇಕು. ಕಳೆನಾಶಕ ತಾಳೂ ಹತ್ತಿ ಬೀಜದ ಪರೀಕ್ಷೆ ಲಗೂನ ಆಗಬೇಕು ಅನ್ನೂ ನನ್ನ ಮಾತು ಮಾತ್ರ ಬಿಡೂದಿಲ್ಲ, ಶೈಲಾ.

ಶೈಲಜಾ: ಬಿಡಬೇಡ. ಪರೀಕ್ಷೆ ಆಗಲಿ, ಫಲಿತಾಂಶ ಎಲ್ಲರಿಗೂ ಕಾಣೋ ಹಾಗೆ ಇಡಲಿ. ಅಲ್ಲೀತನಕ ಆ ಪೊಟ್ಟಣ ಬೇಡ.

ಗುರುಪಾದ: ಬಲಿ ಲೂರ್ ಎಷ್ಟು ದಿನಕ್ಕ ಬದಲಿಸಬೇಕ್ರಿ?

ಶೈಲಜಾ: ಮೂರ್ನಾಲ್ಕು ವಾರಕ್ಕೊಮ್ಮೆ. ಅಂಗಡಿಯಲ್ಲಿ ಗುಲಾಬಿ ಹುಳದ ಲೂರ್ ಅಂತ ಕೇಳಿ ತಗೋ, ಹಸಿರು ಕಾಯಿಕೊರಕದ್ದು ಕೊಟ್ಟರೆ ಒಂದೂ ಬೀಳಲ್ಲ. ಹಳೇದನ್ನ ಹೊಲದಲ್ಲಿ ಎಸೀಬೇಡ.